ರೆಕ್ಕೆ ಮುಚ್ಚುವ ಆ ಗಳಿಗೆ

ಒಂದೇ ಟಿ.ವಿ. ಎದುರು ನಾಲ್ಕು ಜನ ಕೂತು ಆಡುವ ವಿಡಿಯೊ ಗೇಮ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು? ಕಾರು ಓಡಿಸುವುದಿದೆ, ಗುಂಡು ಹಾರಿಸುವುದಿದೆ, ಫುಟ್‌ಬಾಲ್ ಇದೆ, ಗುದ್ದಾಟದ ಗೇಮ್‌ಗಳಿಗಂತೂ ಲೆಕ್ಕವಿಲ್ಲ. ಅವೆಲ್ಲವನ್ನೂ ಪ್ರೀತಿಯಿಂದ ಆಡಿದವನಾಗಿಯೇ ಹೇಳುತ್ತೇನೆ: ಜಪಾನಿನ ಸೆಗಾ ಕಂಪನಿಯ ‘ಸೂಪರ್ ಮಂಕಿ ಬಾಲ್’ ಒಳಗಿರುವ ‘ಮಂಕಿ ಟಾರ್ಗೆಟ್’ ಎಂಬ ಪುಟ್ಟ ಆಟಕ್ಕೆ ಸಾಟಿಯಾದದ್ದು ನನಗೆ ಇನ್ನೂ ಸಿಕ್ಕಿಲ್ಲ. ಪಾರದರ್ಶಕ ಚೆಂಡಿನೊಳಗಿನ ಕೋತಿಯೊಂದು ಎತ್ತರದ ಇಳಿಜಾರಿನಲ್ಲಿ ಉರುಳಿ ಬಂದು, ಆಕಾಶಕ್ಕೆ ಚಿಮ್ಮಿ, ಆ ಚೆಂಡನ್ನೇ ರೆಕ್ಕೆಯಾಗಿ ಬಿಚ್ಚಿಕೊಂಡು ಸಮುದ್ರದ ಮೇಲೆ ತೇಲಿ ಹೋಗುತ್ತದೆ. ಆಟ ಇಷ್ಟೇ. ಇಷ್ಟರೊಳಗೆ ಏನೇನು ತುಂಬಿದ್ದಾರೆ ಎಂಬುದನ್ನು ಈ ವಾರ ಬಿಡಿಸಿ ಹೇಳುವ ಆಸೆ.

ಮೊದಲು ಹುಟ್ಟಿದ ಕಥೆ. 2001ರ ಜನವರಿ ಕೊನೆಯಲ್ಲಿ ಸೆಗಾ ತನ್ನ ಡ್ರೀಮ್‌ಕಾಸ್ಟ್ ಕನ್ಸೋಲ್ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಇನ್ನು ಮುಂದೆ ತನ್ನದೇ ಯಂತ್ರ ಮಾಡುವುದಿಲ್ಲ, ಬೇರೆಯವರ ಯಂತ್ರಗಳಿಗೆ ಗೇಮ್ ಮಾಡಿಕೊಡುತ್ತೇನೆ ಎಂದಿತು. ವರ್ಷಗಟ್ಟಲೆ ನಿಂಟೆಂಡೊ ಜೊತೆ ಜಿದ್ದಿಗೆ ಬಿದ್ದಿದ್ದ ಕಂಪನಿ ಅದು. ಅದೇ ವರ್ಷ ಸೆಪ್ಟೆಂಬರ್ 14ರಂದು ಜಪಾನಿನಲ್ಲಿ ನಿಂಟೆಂಡೊ ಗೇಮ್‌ಕ್ಯೂಬ್ ಮಾರಾಟಕ್ಕೆ ಬಂದಾಗ ಅದರ ಜೊತೆಗೆ ಅಂಗಡಿ ಸೇರಿದ ಗೇಮ್‌ಗಳು ಮೂರೇ ಮೂರು. ಎರಡು ನಿಂಟೆಂಡೊದವೇ: ‘ಲೂಯಿಜೀಸ್ ಮ್ಯಾನ್ಶನ್’ ಮತ್ತು ‘ವೇವ್ ರೇಸ್: ಬ್ಲೂ ಸ್ಟಾರ್ಮ್’. ಮೂರನೆಯದು ಹಳೆಯ ಎದುರಾಳಿಯ ಮನೆಯಿಂದ ಬಂದ ‘ಸೂಪರ್ ಮಂಕಿ ಬಾಲ್’. ಸೋತ ಕಂಪನಿಯೊಂದು ಗೆದ್ದವರ ಅಂಗಳಕ್ಕೆ ಮೊದಲ ದಿನವೇ ಹೀಗೆ ನಗುನಗುತ್ತಾ ಕಾಲಿಟ್ಟದ್ದು ಗೇಮ್ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ.

ಅದಕ್ಕೆ ಕೆಲವೇ ತಿಂಗಳ ಹಿಂದೆ ಈ ಗೇಮ್ ‘ಮಂಕಿ ಬಾಲ್’ ಎಂಬ ಹೆಸರಿನಲ್ಲಿ ಆರ್ಕೇಡ್ ಯಂತ್ರವಾಗಿ ಬಂದಿತ್ತು. ಅದರ ಜಾಯ್‌ಸ್ಟಿಕ್ ಬಾಳೆಹಣ್ಣಿನ ಆಕಾರದ್ದು. ಆಡಲು ಅದೊಂದನ್ನು ಹಿಡಿದರೆ ಸಾಕು. ಮಾಡಿದವರು ಸೆಗಾದ ಅಂಗಸಂಸ್ಥೆ ಅಮ್ಯೂಸ್‌ಮೆಂಟ್ ವಿಷನ್, ಅದರ ಮುಂದಾಳು ತೊಷಿಹಿರೊ ನಗೊಶಿ. ಈ ನಗೊಶಿ ಅದಕ್ಕೆ ಮೊದಲು ‘ಡೇಟೋನಾ ಯುಎಸ್‌ಎ’ ಎಂಬ ಕಾರ್ ರೇಸ್ ಮಾಡಿದ್ದವರು. ಆಮೇಲೆ 2003ರಲ್ಲಿ ‘ಎಫ್-ಝೀರೊ ಜಿಎಕ್ಸ್’, 2005ರಲ್ಲಿ ಟೋಕಿಯೊ ಭೂಗತ ಲೋಕದ ಕಥೆ ಹೇಳುವ ‘ಯಾಕುಜಾ’ ಮಾಡಿದವರು. ರೌಡಿಗಳ ಕಣ್ಣೀರಿನ ಕಥೆ ಬರೆದ ಮನುಷ್ಯನೇ ಕೋತಿಗಳನ್ನು ಚೆಂಡಿನಲ್ಲಿ ಉರುಳಿಸಿದ್ದು ಎಂದರೆ ಹೊಸಬರು ನಂಬುವುದಿಲ್ಲ. ನನಗೆ ಮಾತ್ರ ಅವರ ಗೇಮ್‌ಗಳಲ್ಲೆಲ್ಲ ಒಂದೇ ಕೈ ಕಾಣುತ್ತದೆ. ಭಾರ, ವೇಗ, ತಿರುವು ಇವು ಆಡುವವನ ಬೆರಳಿಗೆ ಮುಟ್ಟಬೇಕು ಎಂಬ ಹಟ ಡೇಟೋನಾದಲ್ಲಿ ಇತ್ತು, ಕೋತಿಯ ಚೆಂಡಿನಲ್ಲೂ ಇದೆ.

ಈ ಗೇಮಿನಲ್ಲಿ ನಾವು ಕೋತಿಯನ್ನು ಓಡಿಸುವುದಿಲ್ಲ, ನೆಲವನ್ನು ವಾಲಿಸುತ್ತೇವೆ. ಸ್ಟಿಕ್ ಮುಂದಕ್ಕೆ ಒತ್ತಿದರೆ ಆಕಾಶದಲ್ಲಿ ತೇಲುತ್ತಿರುವ ಇಡೀ ಅಂಕಣ ಮುಂದಕ್ಕೆ ಬಾಗುತ್ತದೆ, ಚೆಂಡು ತನ್ನ ಪಾಡಿಗೆ ಉರುಳುತ್ತದೆ. ಹೆಚ್ಚಿನ ಹಂತಗಳಲ್ಲಿ 60 ಸೆಕೆಂಡಿನೊಳಗೆ ಗುರಿಯ ಪಟ್ಟಿ ಹರಿದು ದಾಟಬೇಕು. ಸುಲಭದ ವಿಭಾಗದಲ್ಲಿ 10 ಹಂತ, ನಡುವಿನದರಲ್ಲಿ 30, ಕಠಿಣದಲ್ಲಿ 50. ಕಠಿಣಕ್ಕೆ ಹೋದಂತೆ ದಾರಿ ಚೆಂಡಿನ ಅಗಲಕ್ಕೂ ಕಿರಿದಾಗುತ್ತದೆ, ಅಂಚಿಗೆ ಕಟ್ಟೆ ಇರುವುದಿಲ್ಲ. ಆಗ ಕೈಯಲ್ಲಿರುವ ಕಂಟ್ರೋಲರಿನ ಬೆಲೆ ಗೊತ್ತಾಗುತ್ತದೆ. ಗೇಮ್‌ಕ್ಯೂಬ್ ಕಂಟ್ರೋಲರಿನ ಸ್ಟಿಕ್ ಸುತ್ತ ಇರುವ ಚೌಕಟ್ಟು ದುಂಡಗಿಲ್ಲ, ಎಂಟು ಮೂಲೆಯದು. ಸ್ಟಿಕ್ಕನ್ನು ಮೇಲಿನ ಮೂಲೆಗೆ ಆನಿಸಿ ಹಿಡಿದರೆ ನೆಲ ನೂಲು ಹಿಡಿದಂತೆ ನೇರ ಮುಂದಕ್ಕೆ ವಾಲುತ್ತದೆ. ಪಳಗಿದವರು ಕಿರಿದಾದ ಸೇತುವೆಯ ಮೇಲೆ ಹೆಬ್ಬೆರಳು ಅಲ್ಲಾಡಿಸದೆ ಈ ಮೂಲೆಯನ್ನೇ ನಂಬಿ ಹೋಗುತ್ತಾರೆ. ಬೇರೆ ಕಂಟ್ರೋಲರಿನಲ್ಲಿ ಆಡಿದಾಗಲೆಲ್ಲ ಆ ಮೂಲೆಗಾಗಿ ನನ್ನ ಹೆಬ್ಬೆರಳು ತಡಕಾಡುತ್ತದೆ.

ಹಾಸ್ಯ ಎಲ್ಲಿದೆ? ಸಂಭಾಷಣೆಯಲ್ಲಿಲ್ಲ. ಮೊದಲ ಗೇಮಿನಲ್ಲಿ ಹೇಳಿಕೊಳ್ಳುವಂಥ ಕಥೆಯೇ ಇಲ್ಲ. ನಗು ಇರುವುದು ಕೋತಿಯ ಮೈಯಲ್ಲಿ. ಐಐ, ಅವನ ಜೊತೆಗಾತಿ ಮೀಮೀ, ಭವಿಷ್ಯದಿಂದ ಬಂದ ಅವರ ಕೂಸು ಬೇಬಿ, ಗೇಮ್‌ಕ್ಯೂಬಿಗೆ ಬರುವಾಗ ಸೇರಿಕೊಂಡ ದಪ್ಪ ಗಾನ್‌ಗಾನ್ ಹೀಗೆ ನಾಲ್ವರು. ಚೆಂಡು ನಿಧಾನ ಉರುಳುವಾಗ ಒಳಗೆ ಕೋತಿ ಪುಟುಪುಟು ಹೆಜ್ಜೆ ಹಾಕುತ್ತದೆ. ವೇಗ ಹೆಚ್ಚಿದರೆ ಕಾಲು ಕಾಣದಷ್ಟು ಜೋರಾಗಿ ಓಡುತ್ತದೆ. ಇನ್ನೂ ಹೆಚ್ಚಿದರೆ ಕಾಲು ಸೋತು ಚೆಂಡಿನ ಜೊತೆಗೇ ಲಾಗ ಹೊಡೆಯುತ್ತದೆ. ನೆಲ ವಾಲಿಸುತ್ತಿರುವವರು ನಾವು, ಅನುಭವಿಸುತ್ತಿರುವುದು ಅದು. ತಪ್ಪು ನಮ್ಮದಾದಾಗ ಅದರ ಗಾಬರಿ ಎದ್ದು ಕಾಣುತ್ತದೆ. ಈ ಅಂತರದಿಂದಲೇ ನಗು ಹುಟ್ಟುತ್ತದೆ, ಅದರ ಬೆನ್ನಿಗೆ ಒಂದಿಷ್ಟು ಕರುಣೆಯೂ ಬರುತ್ತದೆ. ಸಂತೆಯ ಗದ್ದಲದಂಥ ಮಾತಿನ ಗೇಮ್‌ಗಳು ಹತ್ತು ವರ್ಷದಲ್ಲಿ ಹಳಸುತ್ತವೆ. ಈ ಕೋತಿಗಳ ಓಟ ಮಾತ್ರ ಇಂದಿಗೂ ಮಕ್ಕಳನ್ನೂ ಅಜ್ಜಿಯರನ್ನೂ ಒಂದೇ ಸಲ ನಗಿಸುವುದನ್ನು ಕಂಡಿದ್ದೇನೆ.

ಇನ್ನು ಹಲವರು ಕೂಡಿ ಆಡುವ ಭಾಗ. ಮುಖ್ಯ ಗೇಮನ್ನೇ ನಾಲ್ವರು ಸರದಿಯಲ್ಲಿ ಆಡಬಹುದು, ಪರದೆ ಹಂಚಿಕೊಂಡು ಪೈಪೋಟಿಯಲ್ಲೂ ಆಡಬಹುದು. ಅದರಾಚೆಗೆ ಮೊದಲೇ ತೆರೆದಿರುವ ಮೂರು ಪಾರ್ಟಿ ಗೇಮ್‌ಗಳು: ‘ಮಂಕಿ ರೇಸ್’, ‘ಮಂಕಿ ಫೈಟ್’, ‘ಮಂಕಿ ಟಾರ್ಗೆಟ್’. ಮುಖ್ಯ ಗೇಮಿನಲ್ಲಿ ಗಳಿಸಿದ ಅಂಕಗಳಲ್ಲಿ ಒಂದೊಂದಕ್ಕೆ 2,500ರಂತೆ ತೆತ್ತರೆ ಬಿಲಿಯರ್ಡ್ಸ್, ಬೌಲಿಂಗ್, ಗಾಲ್ಫ್ ಎಂಬ ಇನ್ನು ಮೂರು ತೆರೆಯುತ್ತವೆ.

ರೇಸ್ ಬಗ್ಗೆ ಹೆಚ್ಚು ಹೇಳಲಾರೆ. ಉರುಳುವ ಚೆಂಡಿಗೆ ತಿರುವು ಹಿಡಿಯುವುದು ಒಗ್ಗುವುದಿಲ್ಲ; ಆ ಜಾತಿಯ ಆಟ ಬೇಕೆಂದರೆ ‘ಮಾರಿಯೊ ಕಾರ್ಟ್’ ಇದ್ದೇ ಇದೆ. ಫೈಟ್ ಅದಕ್ಕಿಂತ ಎಷ್ಟೋ ಮೇಲು. ಚೆಂಡಿನ ಮುಂಭಾಗಕ್ಕೆ ಸ್ಪ್ರಿಂಗ್ ಇಟ್ಟ ಬಾಕ್ಸಿಂಗ್ ಗ್ಲೌಸ್ ಸಿಕ್ಕಿಸಿರುತ್ತಾರೆ, ಗುಂಡಿ ಒತ್ತಿದರೆ ಅದು ಚಂಗನೆ ಚಿಮ್ಮಿ ಎದುರಿನವನನ್ನು ಅಂಕಣದಾಚೆಗೆ ತಳ್ಳುತ್ತದೆ. ಗುದ್ದುವ ವೇಗಕ್ಕೆ ಸಿಕ್ಕಿ ತಾನೇ ಅಂಚು ದಾಟಿ ಬೀಳುವವರೂ ಉಂಟು. ಹತ್ತು ನಿಮಿಷ ಹೊಟ್ಟೆ ಹುಣ್ಣಾಗುವಷ್ಟು ನಗು, ಆಮೇಲೆ ಸಾಕೆನಿಸುತ್ತದೆ. ಬಿಲಿಯರ್ಡ್ಸ್ ಅನ್ನು ಮಾತ್ರ ಯಾರೂ ತಾತ್ಸಾರ ಮಾಡಬಾರದು. ಪಾರ್ಟಿ ಗೇಮ್ ಎಂಬ ನೆಪದಲ್ಲಿ ಒಳ್ಳೆಯ ನೈನ್-ಬಾಲ್ ಪೂಲ್ ಆಟವನ್ನೇ ಒಳಗಿಟ್ಟಿದ್ದಾರೆ. ಚೆಂಡು ಚೆಂಡಿಗೆ ತಾಗುವ ಲೆಕ್ಕ ಎಷ್ಟು ನಿಖರವೆಂದರೆ ಬಿಲಿಯರ್ಡ್ಸಿಗೆಂದೇ ಮಾಡಿದ ಎಷ್ಟೋ ಗೇಮ್‌ಗಳು ಇದರ ಮುಂದೆ ನಾಚಬೇಕು.

ಈಗ ಟಾರ್ಗೆಟ್.

ಸರದಿ ಬಂದವನು ಇಳಿಜಾರಿನ ತುದಿಯಲ್ಲಿ ನಿಂತಿರುತ್ತಾನೆ. ಗಾಳಿ ಎತ್ತಲಿಂದ ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಸ್ಟಿಕ್ ಮುಂದೊತ್ತಿ ಉರುಳಬೇಕು. ಇಲ್ಲಿ ಗಳಿಸಿದ ವೇಗವೇ ಮುಂದಿನ ಹಾರಾಟಕ್ಕೆಲ್ಲ ಬಂಡವಾಳ. ಇಳಿಜಾರಿನ ಕೊನೆಯ ಮೇಲ್ಮುಖದ ಅಂಚಿನಿಂದ ಚೆಂಡು ಚಿಮ್ಮಿದ ಮೇಲೆ ಗುಂಡಿ ಒತ್ತಿದರೆ ಟಪ್ಪೆಂದು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಹೋಳುಗಳೇ ಎಡಬಲದ ರೆಕ್ಕೆ, ನಡುವೆ ಕೋತಿ. ಅಲ್ಲಿಯವರೆಗಿನ ಗಡಗಡ ನಿಂತು ಗಾಳಿಯ ಸದ್ದು ಶುರುವಾಗುತ್ತದೆ. ಕೆಳಗೆ ನೀಲಿ ಸಮುದ್ರ, ದೂರದಲ್ಲಿ ಬಣ್ಣದ ವೃತ್ತಗಳು.

ಹಾರಾಟದ ನಿಯಮ ನಿಜವಾದ ಗ್ಲೈಡರಿನದು. ಮೂತಿ ತಗ್ಗಿಸಿದರೆ ಎತ್ತರ ಕಳೆದು ವೇಗ ಬರುತ್ತದೆ. ಮೂತಿ ಎತ್ತಿದರೆ ಆ ವೇಗ ಖರ್ಚಾಗಿ ಎತ್ತರ ಬರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಆಸೆಬಿದ್ದು ಮೂತಿ ಎತ್ತಿಯೇ ಇಟ್ಟರೆ ವೇಗ ಬತ್ತಿ ಕೋತಿ ಗಾಳಿಯಲ್ಲೇ ನಿಂತಂತಾಗಿ ಕಲ್ಲಿನಂತೆ ಕುಸಿಯುತ್ತದೆ. ದಾರಿಯಲ್ಲಿ ಬಾಳೆಹಣ್ಣುಗಳು ತೇಲುತ್ತಿರುತ್ತವೆ. ತಗೊಂಡರೆ ಲಾಭ, ಆದರೆ ಅವುಗಳ ಬೆನ್ನು ಹತ್ತಿದರೆ ಗುರಿಯ ನೇರ ತಪ್ಪುತ್ತದೆ.

ಗುರಿ ಹತ್ತಿರವಾದಾಗ ನಿಜವಾದ ತೀರ್ಮಾನದ ಹೊತ್ತು. ಮತ್ತೆ ಗುಂಡಿ ಒತ್ತಿದರೆ ರೆಕ್ಕೆಗಳು ಮುಚ್ಚಿ ಚೆಂಡಾಗಿ ನೆಟ್ಟಗೆ ಬೀಳುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ನೆಟ್ಟಗೆ ಬೀಳುವುದಿಲ್ಲ. ಮುಚ್ಚುವಾಗ ಇದ್ದ ವೇಗ ಚೆಂಡಿನಲ್ಲಿ ಉಳಿದಿರುತ್ತದೆ. ಅದು ಮುಂದಕ್ಕೆ ಬಾಗುತ್ತಾ ಬಿದ್ದು, ನೆಲ ಮುಟ್ಟಿ ಪುಟಿದು, ಆಮೇಲೂ ಉರುಳುತ್ತದೆ. ನಟ್ಟನಡುವಿನ ಪುಟ್ಟ ವೃತ್ತದಲ್ಲಿ ನಿಂತರೆ ಅತಿ ಹೆಚ್ಚು ಅಂಕ. ಹೊರಗಿನ ವೃತ್ತಗಳಿಗೆ ಕಡಿಮೆ. ನಡುವೃತ್ತಕ್ಕೇ ಬಿದ್ದ ಚೆಂಡು ಮೆಲ್ಲಗೆ, ಅವಸರವಿಲ್ಲದೆ ಹೊರವೃತ್ತಕ್ಕೆ, ಅಲ್ಲಿಂದ ಅಂಚಿಗೆ, ಅಂಚಿನಿಂದ ಸಮುದ್ರಕ್ಕೆ ಉರುಳಿ ಹೋಗುವುದನ್ನು ನೋಡಬೇಕು. ಸಮುದ್ರಕ್ಕೆ ಬಿದ್ದರೆ ಸೊನ್ನೆ. ಹಾಗಾಗಿ ರೆಕ್ಕೆ ಮುಚ್ಚಬೇಕಾದ್ದು ಗುರಿಯ ಮೇಲೆ ಅಲ್ಲ, ಗುರಿಗೆ ಇನ್ನೂ ಸ್ವಲ್ಪ ದೂರವಿರುವಾಗ. ಆ ‘ಸ್ವಲ್ಪ’ ಎಷ್ಟು ಎಂಬುದು ವೇಗಕ್ಕೂ ಎತ್ತರಕ್ಕೂ ಗಾಳಿಗೂ ತಕ್ಕಂತೆ ಪ್ರತಿ ಸಲ ಬೇರೆ. ಗಾಳಿ ಬೆನ್ನಿಗಿದ್ದರೆ ಬೇಗ ಮುಚ್ಚಬೇಕು, ಎದುರಿಗಿದ್ದರೆ ತಡೆಯಬೇಕು. ಇದನ್ನು ಯಾವ ಸೂಚನಾ ಫಲಕವೂ ಹೇಳುವುದಿಲ್ಲ, ಕೈ ಕಲಿಯಬೇಕು.

ಇದನ್ನು ನಾಲ್ವರ ಆಟಗಳಲ್ಲಿ ಶ್ರೇಷ್ಠ ಎಂದದ್ದಕ್ಕೆ ಕಾರಣ ಹಾರಾಟ ಮಾತ್ರವಲ್ಲ, ಸರದಿ. ಗೇಮ್‌ಕ್ಯೂಬಿನ ಮೊದಲ ‘ಟಾರ್ಗೆಟ್’ನಲ್ಲಿ ಒಬ್ಬ ಹಾರುವಾಗ ಇಡೀ ಪರದೆ ಅವನದು. ಉಳಿದ ಮೂವರಿಗೆ ಕೈಯಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ಈ ಮೂವರೇ ಆಟದ ಅರ್ಧ ಜೀವ. ಕೇರಂ ಹಲಗೆ ಸುತ್ತ ಕೂತವರಿಗೆ ಇದು ಗೊತ್ತು: ಸ್ಟ್ರೈಕರ್ ಹಿಡಿದವನಷ್ಟೇ ಗಮನ ಕೊಟ್ಟು ಉಳಿದವರೂ ಆ ಕೋನ ಅಳೆಯುತ್ತಿರುತ್ತಾರೆ, ರಾಣಿ ಗುಳಿಯ ಬಾಯಲ್ಲಿ ತಡೆದು ನಿಂತರೆ ನಾಲ್ವರ ಬಾಯಿಂದಲೂ ಒಂದೇ ಉದ್ಗಾರ. ಟಾರ್ಗೆಟ್‌ನಲ್ಲಿ ಚೆಂಡು ಅಂಚಿನತ್ತ ಉರುಳುವ ಆ ಎರಡು ಮೂರು ಸೆಕೆಂಡು ಆಡುತ್ತಿರುವವನ ಎದುರಾಳಿಗಳು ಸೋಫಾದಿಂದ ಮುಂದಕ್ಕೆ ಬಾಗಿರುತ್ತಾರೆ. ಬೀಳಲಿ ಎಂದು ಹಾರೈಸುತ್ತಿದ್ದವರೇ, ಅದು ಅಂಚಿನಲ್ಲಿ ನಿಂತಾಗ ಚಪ್ಪಾಳೆ ತಟ್ಟುತ್ತಾರೆ. ನಾಲ್ವರೂ ಏಕಕಾಲಕ್ಕೆ ಆಡುವ ಗೇಮಿನಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಒಬ್ಬೊಬ್ಬರೂ ಪರದೆಯ ತಮ್ಮ ಕಾಲುಭಾಗವನ್ನೇ ನೋಡುತ್ತಿರುತ್ತಾರೆ, ಪಕ್ಕದವನ ಅದ್ಭುತ ಅವರಿಗೆ ಕಾಣುವುದೇ ಇಲ್ಲ. ಒಳ್ಳೆಯ ಆಟವನ್ನು ಇನ್ನೊಬ್ಬರು ನೋಡಿ ಮೆಚ್ಚಬೇಕು. ಅದಕ್ಕೆ ಬಿಡುವು ಬೇಕು. ಆ ಬಿಡುವನ್ನು ಸರದಿ ಕೊಡುತ್ತದೆ.

2002ರಲ್ಲಿ ಬಂದ ಎರಡನೆಯ ಗೇಮ್ ಪಾರ್ಟಿ ಗೇಮ್‌ಗಳನ್ನು 12ಕ್ಕೆ ಏರಿಸಿತು. ದೋಣಿ, ಶೂಟಿಂಗ್, ಟೆನಿಸ್, ಫುಟ್‌ಬಾಲ್, ಬೇಸ್‌ಬಾಲ್, ಹಾರುತ್ತಾ ಗುಂಡು ಹಾರಿಸುವ ‘ಡಾಗ್‌ಫೈಟ್’ ಎಲ್ಲ ಬಂದವು. ಮೊದಲ ಗೇಮಿನ ಪುಟ್ಟ ಅಂಗಳದ ಮಿನಿ ಗಾಲ್ಫ್ ಇಲ್ಲಿ ದೊಡ್ಡ ಮೈದಾನದ ಗಾಲ್ಫ್ ಆಯಿತು. ಡಾಕ್ಟರ್ ಬ್ಯಾಡ್-ಬೂನ್ ಎಂಬ ಖಳನಾಯಕನನ್ನಿಟ್ಟು ಕಥೆಯನ್ನೂ ಹೆಣೆದರು. ಹೊಸದರಲ್ಲಿ ನನಗೆ ಇಷ್ಟವಾದದ್ದು ಬೇಸ್‌ಬಾಲ್. ಹನ್ನೆರಡೂ ಕೆಟ್ಟವಲ್ಲ, ಆದರೆ ಡಾಗ್‌ಫೈಟ್ ನೋಡಿದರೆ ನಾನು ಹೇಳುತ್ತಿರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ರೆಕ್ಕೆ ಅದೇ, ಕೋತಿ ಅದೇ. ಆದರೂ ನಾಲ್ಕು ಹೋಳಾದ ಪರದೆಯಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವ ಗಡಿಬಿಡಿಯಲ್ಲಿ ಹಾರುವ ಸುಖ ಮರೆತುಹೋಗುತ್ತದೆ.

ಆಮೇಲಿನ ವರ್ಷಗಳಲ್ಲಿ ಸರಣಿ ಯಾವ ಹೊಸ ಉಪಕರಣ ಬಂದರೂ ಅದರ ಬೆನ್ನು ಹತ್ತಿತು. 2006ರಲ್ಲಿ ವೀ ಕನ್ಸೋಲಿನ ರಿಮೋಟ್ ವಾಲಿಸಿ ಆಡುವ ‘ಬನಾನಾ ಬ್ಲಿಟ್ಜ್’, 2008ರಲ್ಲಿ ಫೋನನ್ನೇ ವಾಲಿಸುವ ಐಫೋನ್ ಆವೃತ್ತಿ, 2010ರಲ್ಲಿ ಹಲಗೆಯ ಮೇಲೆ ನಿಂತು ಮೈ ವಾಲಿಸುವ ‘ಸ್ಟೆಪ್ ಆ್ಯಂಡ್ ರೋಲ್’. ನೆಲ ವಾಲಿಸುವ ಗೇಮಿಗೆ ಇವೆಲ್ಲ ಹೇಳಿ ಮಾಡಿಸಿದಂತೆ ತೋರಿದರೂ ಕೈಯ ಸೂಕ್ಷ್ಮ ಯಾವುದರಲ್ಲೂ ಉಳಿಯಲಿಲ್ಲ ಎಂಬುದು ನನ್ನ ಅನುಭವ. ಬನಾನಾ ಬ್ಲಿಟ್ಜ್ ಕೋತಿಗೆ ನೆಗೆತವನ್ನೂ ಕೊಟ್ಟಿತು, ಅದರ ಜೊತೆಗೆ 50 ಕಿರು ಆಟಗಳನ್ನು ಸುರಿಯಿತು. 2019ರಲ್ಲಿ ಅದೇ ಗೇಮನ್ನು ಎಚ್‌ಡಿ ರೂಪದಲ್ಲಿ ತಂದಾಗ ಸೆಗಾದವರೇ 40 ಆಟಗಳನ್ನು ಕೈಬಿಟ್ಟು ಹತ್ತನ್ನಷ್ಟೇ ಉಳಿಸಿಕೊಂಡರು. ಐವತ್ತನ್ನೂ ಆಡಿದವರು ಯಾರೂ ಇದಕ್ಕೆ ಆಶ್ಚರ್ಯಪಡಲಾರರು.

2021ರ ಅಕ್ಟೋಬರಿನಲ್ಲಿ, ಇಪ್ಪತ್ತನೆಯ ವರ್ಷದ ಸಂಭ್ರಮಕ್ಕೆ ‘ಬನಾನಾ ಮೇನಿಯಾ’ ಬಂತು. ಹಳೆಯ ಹಂತಗಳು 300ಕ್ಕೂ ಹೆಚ್ಚು, ಹನ್ನೆರಡು ಪಾರ್ಟಿ ಗೇಮ್‌ಗಳೂ ಇವೆ. ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಹೊಸ ತಳಹದಿಯ ಮೇಲೆ ಕಟ್ಟಿದ್ದರಿಂದ ಚೆಂಡಿನ ತೂಕ ಬೇರೆಯಾಗಿದೆ. ಮುಖ್ಯ ಹಂತಗಳಲ್ಲಿ ಇದಕ್ಕೆ ಬೇಗ ಒಗ್ಗಿಕೊಳ್ಳಬಹುದು. ಟಾರ್ಗೆಟ್‌ನಲ್ಲಿ ಆಗುವುದಿಲ್ಲ, ಏಕೆಂದರೆ ಅಲ್ಲಿ ತೂಕವೇ ಆಟ. ಮೂತಿ ತಗ್ಗಿಸಿ ವೇಗ ಕೂಡಿಸಿಕೊಂಡು ಮತ್ತೆ ಎತ್ತುವಾಗ ಹಳೆಯ ಗೇಮಿನಲ್ಲಿ ಗಾಳಿ ರೆಕ್ಕೆಯನ್ನು ಹಿಡಿದಂತೆ ಅನಿಸುತ್ತಿತ್ತು. ಇಲ್ಲಿ ಆ ಹಿಡಿತ ಸಿಗುವುದಿಲ್ಲ. ಮಾಡಿದವರ ಶ್ರಮಕ್ಕೆ ಗೌರವ ಇಟ್ಟುಕೊಂಡೇ ಈ ಮಾತು ಹೇಳಬೇಕಾಗಿದೆ. ನಗೊಶಿ ಅದೇ ವರ್ಷ ಸೆಗಾ ಬಿಟ್ಟು ಹೋದರು.

2024ರ ಜೂನಿನಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ ‘ಬನಾನಾ ರಂಬಲ್’ ಬೇರೆಯೇ ದಾರಿ ಹಿಡಿದಿದೆ. ಹೊಸದಾಗಿ ಕಟ್ಟಿದ 200 ಹಂತಗಳು ಸೊಗಸಾಗಿವೆ, ಚೆಂಡಿನ ತೂಕ ಮತ್ತೆ ಹಳೆಯ ಹದಕ್ಕೆ ಹತ್ತಿರ ಬಂದಿದೆ, ನಾಲ್ವರು ಜೊತೆಯಾಗಿ ಒಂದೇ ಹಂತ ದಾಟುವ ಏರ್ಪಾಡೂ ಇದೆ. ಎದುರುಬದುರು ಆಡುವ ವಿಭಾಗದಲ್ಲಿ ಆನ್‌ಲೈನ್ ಮೂಲಕ 16 ಜನ ಸೇರಬಹುದು: ರೇಸ್, ಬಾಳೆಹಣ್ಣಿನ ಬೇಟೆ, ಬಾಂಬ್ ದಾಟಿಸುವುದು, ರೋಬಾಟ್ ಒಡೆಯುವುದು ಇತ್ಯಾದಿ. ಟಾರ್ಗೆಟ್ ಇಲ್ಲ. ಹದಿನಾರು ಜನರಿಗೆ ಸರದಿ ಕಾಯಿಸುವುದು ಆಗದ ಮಾತು, ಒಪ್ಪುತ್ತೇನೆ. ಆದರೆ ಹದಿನಾರು ಜನ ಮುಖ ಕಾಣದೆ ಡಿಕ್ಕಿ ಹೊಡೆಯುವ ಗದ್ದಲದಲ್ಲಿ ಯಾರ ಕೋತಿ ಯಾವುದೆಂದೇ ತಿಳಿಯುವುದಿಲ್ಲ. ಗೆದ್ದರೆ ಮೆಚ್ಚುವವರಿಲ್ಲ, ಬಿದ್ದರೆ ನಗುವವರೂ ಇಲ್ಲ. ಈ ಗೇಮಿನ ಹಾಸ್ಯಕ್ಕೆ ಪಕ್ಕದಲ್ಲೊಬ್ಬರು ಕೂತಿರಬೇಕು.

ಈಗ ಆಡಬಯಸುವವರಿಗೆ ದಾರಿ ಯಾವುದು? ಬನಾನಾ ಮೇನಿಯಾ ಕಂಪ್ಯೂಟರಿಗೂ, ಎಲ್ಲ ದೊಡ್ಡ ಕನ್ಸೋಲ್‌ಗಳಿಗೂ ಇದೆ. ನನ್ನ ದೂರುಗಳೇನೇ ಇರಲಿ, ಮೊದಲ ಸಲ ಆಡುವವರಿಗೆ ಅದು ಸಾಕು. ಮೊದಲ ಗೇಮೇ ಬೇಕೆನ್ನುವವರು ಹಳೆಯ ಡಿಸ್ಕ್ ಹುಡುಕಬೇಕು. ಗೇಮ್‌ಕ್ಯೂಬ್ ಸಿಗದಿದ್ದರೆ ಶುರುವಿನ ಮಾದರಿಯ ವೀ ನೋಡಿ, ಮೇಲುಗಡೆ ಮುಚ್ಚಳದ ಕೆಳಗೆ ಗೇಮ್‌ಕ್ಯೂಬ್ ಕಂಟ್ರೋಲರಿಗೆ ನಾಲ್ಕು ಕಿಂಡಿ ಇರುವಂಥದ್ದು. ಆ ಡಿಸ್ಕುಗಳು ಅದರಲ್ಲಿ ಓಡುತ್ತವೆ. ಕಂಟ್ರೋಲರ್ ಒಂದೇ ಇದ್ದರೂ ಚಿಂತೆಯಿಲ್ಲ. ಒಬ್ಬರೇ ಆಡುತ್ತೇವೆಂದು ಶುರುಮಾಡಿ, ಹಾರಾಟಕ್ಕೊಬ್ಬರಂತೆ ಕೈಯಿಂದ ಕೈಗೆ ದಾಟಿಸಿ, ಅಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲು ಒಂದೆರಡು ಸುತ್ತು ಅಂಕ ಲೆಕ್ಕಿಸದೆ ಬರೀ ಹಾರಿ. ಬಾಳೆಹಣ್ಣಿನ ಗೊಡವೆ ಬೇಡ. ನಡುವೃತ್ತಕ್ಕೂ ಆಸೆಪಡದೆ ದೊಡ್ಡ ವೃತ್ತದ ಹತ್ತಿರದ ಅಂಚನ್ನು ಗುರಿಯಾಗಿಟ್ಟು, ಇಷ್ಟು ಬೇಗವೇ ಎಂದು ಮನಸ್ಸು ಹಿಂಜರಿಯುವಾಗಲೇ ರೆಕ್ಕೆ ಮುಚ್ಚಿ. ಚೆಂಡು ಎಷ್ಟು ದೂರ ಉರುಳಿತು ಎಂಬುದನ್ನು ನೋಡಿಕೊಂಡು, ಮುಂದಿನ ಸರದಿಗೆ ಅಷ್ಟನ್ನು ತಿದ್ದಿಕೊಳ್ಳಿ.